ನಲವತ್ನಾಲ್ಕರಲ್ಲಿ ಮೊದಲ ರೇಟೆಡ್ ಟೂರ್ನಿ: ಕಾರೋ-ಕಾನ್ ಜೊತೆ ಐದು ದಿನ

ಕಳೆದ ಭಾನುವಾರ ಮಂಗಳೂರಿನಲ್ಲಿ ನನ್ನ ಮೊದಲ ಫಿಡೆ ರೇಟೆಡ್ ಚೆಸ್ ಟೂರ್ನಿ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್‌ಗೆ, ಅಂದರೆ ಆಟಗಾರರ ಬಲ ಅಳೆಯುವ ಅಂಕೆಗೆ, ಇದರ ಆಟಗಳನ್ನು ಲೆಕ್ಕ ಹಿಡಿಯುತ್ತಾರೆ) ಮುಗಿಸಿ, ಅದೇ ರಾತ್ರಿ ಸಾಗರಕ್ಕೆ ಮರಳಿದೆ. ಒಂಬತ್ತು ಸುತ್ತುಗಳಲ್ಲಿ ನಾಲ್ಕು ಅಂಕ ಬಂದಿದೆ. ಹೊರಡುವ ಮುನ್ನ ಏನು ಬೇಕು, ಎಷ್ಟು ದಿನ ಹಿಡಿಯುತ್ತದೆ, ಅಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದಾಗಲೆಲ್ಲ ಉತ್ತರ ಸಿಕ್ಕಿದ್ದು ಮಕ್ಕಳನ್ನು ಆಡಿಸುವ ಪೋಷಕರಿಂದ ಮಾತ್ರ. ವಯಸ್ಸಾದ ಮೇಲೆ ತಾವೇ ಆಡಹೊರಟವರು ಯಾರೂ ಸಿಗಲಿಲ್ಲ. ಮುಂದೆ ಹೋಗುವವರಿಗೆ ನನ್ನಷ್ಟು ತಡಕಾಟ ಬೇಡವೆಂದು, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನನಗೆ ಚದುರಂಗ ಕಲಿಸಿದವರು ಅಪ್ಪ. ಅವರ ನಿಯಮಗಳು ಹಳೆಯ ಕಾಲದವು: ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು, ರಾಜನಿಗೆ ಅದುವರೆಗೆ ಶಹ ಬಿದ್ದಿರದಿದ್ದರೆ ಅವನು ಒಮ್ಮೆ ಕುದುರೆಯಂತೆ ಹಾರಬಹುದು. ಅಂತರರಾಷ್ಟ್ರೀಯ ನಿಯಮಗಳನ್ನು ನಾನು ಕಲಿತದ್ದು ಮದುವೆಯಾದ ಮೇಲೆ, ಮಗನ ಶಾಲೆಯ ಪುಸ್ತಕದಿಂದ. ನಾವು ಚಿಕ್ಕವರಿದ್ದಾಗ ನಮ್ಮ ಕಡೆ ತರಬೇತಿ ಎಂಬುದೇ ಇರಲಿಲ್ಲ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದೂ 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಅವರ ಮೂಲಕ. ಟೂರ್ನಿ ಆಡಲೇಬೇಕೆಂಬ ನಿರ್ಧಾರ ಗಟ್ಟಿಯಾದದ್ದು 2024ರ ಡಿಸೆಂಬರ್ 12ರ ಸಂಜೆ. ಸಿಂಗಪುರದಲ್ಲಿ ಗುಕೇಶ್ ಮತ್ತು ಆಗಿನ ಚಾಂಪಿಯನ್ ಡಿಂಗ್ ಲಿರೆನ್ ನಡುವಿನ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದ ಹದಿನಾಲ್ಕನೆಯ ಆಟ ಡ್ರಾ ಆಗುವಂತೆಯೇ ಕಾಣುತ್ತಿತ್ತು. ಆಗ ಡಿಂಗ್ ಒಂದು ಆನೆಯನ್ನು ತಪ್ಪು ಮನೆಗೆ ಇಟ್ಟರು. ಜಗತ್ತಿನ ಚಾಂಪಿಯನ್ ಕೂಡ ಗಂಟೆಗಟ್ಟಲೆ ಕೂತ ಮೇಲೆ ಸುಲಭದ ಅಂತ್ಯವನ್ನು ಕೈಬಿಡಬಹುದಾದ ಆ ಆಟದಲ್ಲಿ, ಒಮ್ಮೆಯಾದರೂ ಗಡಿಯಾರದ ಎದುರು ಕೂತು ನೋಡಬೇಕೆಂಬ ಆಸೆ ಆ ಹೊತ್ತಿಗೆ ಹುಟ್ಟಿತು.

ಮೊದಲ ಅಡಚಣೆ ದಾಖಲೆಗಳದ್ದು. ರೇಟೆಡ್ ಟೂರ್ನಿಯಲ್ಲಿ ಆಡಲು ಅಖಿಲ ಭಾರತ ಚೆಸ್ ಫೆಡರೇಷನ್ನಿನಲ್ಲಿ ಆಟಗಾರರಾಗಿ ನೋಂದಾಯಿಸಿಕೊಳ್ಳಬೇಕು. ಫಿಡೆಯ ಗುರುತಿನ ಸಂಖ್ಯೆ ಆ ಮೂಲಕವೇ ಬರುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಲು ಹತ್ತು ನಿಮಿಷ ಸಾಕು. ಆದರೆ ಅದಕ್ಕೆ ಲಗತ್ತಿಸಬೇಕಾದ ಕಾಗದಗಳನ್ನು ಒಂದಕ್ಕೊಂದು ಹೊಂದಿಸಲು ನನಗೆ ಎರಡು ತಿಂಗಳು ಹಿಡಿಯಿತು. ನಾನು ಹುಟ್ಟಿದ್ದು ಮನೆಯಲ್ಲಿ, ಆದ್ದರಿಂದ ಜನನ ಪ್ರಮಾಣಪತ್ರವಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಊರು ಮತ್ತು ಅಪ್ಪನ ಇನಿಷಿಯಲ್ ಇವೆ, ಆಧಾರ್ ಕಾರ್ಡಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರಿದೆ, ಹುಟ್ಟಿದ ದಿನಾಂಕದ ಜಾಗದಲ್ಲಿ ಬರೀ ವರ್ಷವಿತ್ತು. ತಿದ್ದುಪಡಿಗೆಂದು ಸೇವಾ ಕೇಂದ್ರವೊಂದಕ್ಕೆ ನಾಲ್ಕು ಸಲ ಹೋದೆ. ಎರಡು ಸಲ ಸರ್ವರ್ ಇರಲಿಲ್ಲ, ಒಂದು ಸಲ ಟೋಕನ್ ಮುಗಿದಿತ್ತು. ಮದುವೆಯಾದ ಹೆಣ್ಣುಮಕ್ಕಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು: ಫಿಡೆಯ ಪಟ್ಟಿಯಲ್ಲಿ ಒಮ್ಮೆ ಸೇರಿದ ಹೆಸರಿನ ರೂಪವೇ ಮುಂದೆ ಎಲ್ಲ ಜೋಡಿಪಟ್ಟಿಗಳಲ್ಲೂ (ಯಾರಿಗೆ ಯಾರು ಎದುರಾಳಿ ಎಂದು ತೋರಿಸುವ ಪಟ್ಟಿಗಳಲ್ಲೂ) ಬರುತ್ತದೆ. ಆದ್ದರಿಂದ ಯಾವ ಹೆಸರಿನಿಂದ ಕರೆಸಿಕೊಳ್ಳಬೇಕೆಂದು ಮೊದಲು ತೀರ್ಮಾನಿಸಿ, ಎಲ್ಲ ಕಾಗದಗಳನ್ನೂ ಆ ಹೆಸರಿಗೆ ಹೊಂದಿಸಿಕೊಂಡು, ಕೊನೆಗೆ ಅರ್ಜಿ ಹಾಕಿ. ನಾನು ಅಪ್ಪನ ಇನಿಷಿಯಲ್ ಉಳಿಸಿಕೊಂಡೆ.

ಟೂರ್ನಿಯ ಪ್ರಕಟಣೆಯನ್ನು ಕೊನೆಯ ಸಾಲಿನವರೆಗೂ ಓದಬೇಕೆಂಬುದು ಎರಡನೆಯ ಪಾಠ. ಪ್ರವೇಶ ಶುಲ್ಕ, ಬಹುಮಾನ, ಊಟದ ವಿವರಗಳ ಕೆಳಗೆ, ಆಟಗಾರರು ತಮ್ಮ ಗಡಿಯಾರವನ್ನು ತಾವೇ ತರಬೇಕೆಂದು ಸಣ್ಣ ಅಕ್ಷರಗಳಲ್ಲಿತ್ತು. ನಾನು ಅದನ್ನು ಕಂಡದ್ದು ಹೊರಡಲು ಒಂದು ವಾರ ಇರುವಾಗ. ಪ್ರತಿ ನಡೆಗೂ ಸಮಯ ಸೇರಿಸುವ ಡಿಜಿಟಲ್ ಗಡಿಯಾರ ಸಾಗರದಲ್ಲಿ ಸಿಗಲಿಲ್ಲ. ತರಿಸಿಕೊಂಡಾಗ 2,400 ರೂಪಾಯಿ ಆಯಿತು. ಅದನ್ನು ಬಳಸುವುದನ್ನು ಮನೆಯಲ್ಲಿ ಕಲಿತುಕೊಂಡೇ ಹೋಗಿ. ನಮ್ಮ ಟೂರ್ನಿಯಲ್ಲಿ ತಲಾ 90 ನಿಮಿಷ, ಜೊತೆಗೆ ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡು ಇತ್ತು.

ಇನ್ನು ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ವಿಷಯ. (ಮನೆಗಳ ಹೆಸರು ಹೀಗೆ: ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಉದ್ದ ಸಾಲುಗಳು ಎಯಿಂದ ಎಚ್‌ವರೆಗೆ, ಕೆಳಗಿನಿಂದ ಮೇಲಕ್ಕೆ ಅಡ್ಡ ಸಾಲುಗಳು 1ರಿಂದ 8ರವರೆಗೆ. ನಡೆಯಾಗಿ ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ.) ಬಿಳಿ ಕಾಯಿಗಳಲ್ಲಿ ಏನನ್ನಾದರೂ ಆಡಿಕೊಳ್ಳಬಹುದು, ಕಪ್ಪು ಕಾಯಿಗಳಲ್ಲಿ ಬಿಳಿಯ ಇ4 ನಡೆಗೆ ಒಂದು ನಂಬಿಕೆಯ ಉತ್ತರ ಇರಬೇಕೆಂದು ಎಲ್ಲರೂ ಹೇಳಿದರು. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಕೂರಬಲ್ಲ ನನ್ನಂಥವಳಿಗೆ ಸಿಸಿಲಿಯನ್ ರಕ್ಷಣೆಯ ಕವಲುಗಳನ್ನು ನೆನಪಿಡುವುದು ಆಗದ ಮಾತು. ಕಾರೋ-ಕಾನ್ ರಕ್ಷಣೆ ಮನಸ್ಸಿಗೆ ಹಿಡಿಸಿತು. ಬರ್ಲಿನ್ನಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಆಟಗಾರ ಹೊರೇಷಿಯೊ ಕಾರೋ ಮತ್ತು ವಿಯೆನ್ನಾದ ಮಾರ್ಕಸ್ ಕಾನ್ 1886ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದ್ದರಿಂದ ಈ ಹೆಸರು. ಬಿಳಿ ಇ4 ಆಡಿದರೆ ಕಪ್ಪು ಸಿ6, ಬಿಳಿ ಡಿ4 ಆಡಿದರೆ ಕಪ್ಪು ಡಿ5. ಇದರ ತಿರುಳು ಒಂದೇ ವಾಕ್ಯದಲ್ಲಿದೆ: ಫ್ರೆಂಚ್ ರಕ್ಷಣೆಯಲ್ಲಿ ಮೊದಲೇ ಇ6 ಆಡುವುದರಿಂದ ಕಪ್ಪಿನ ಬಿಳಿಮನೆಯ ಒಂಟೆ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಕೊಂಡರೆ, ಕಾರೋ-ಕಾನ್‌ನಲ್ಲಿ ಒಂಟೆಯನ್ನು ಮೊದಲು ಎಫ್5ಕ್ಕೆ ಹೊರಗೆ ತಂದು, ಆಮೇಲೆ ಇ6 ಆಡಿ ಕೋಟೆ ಕಟ್ಟಿಕೊಳ್ಳಬಹುದು. (ನಮ್ಮ ಮನೆಯ ರೂಢಿಯಂತೆ ಬಿಷಪ್ಪನ್ನು ಒಂಟೆ, ರೂಕನ್ನು ಆನೆ, ಕ್ವೀನನ್ನು ಮಂತ್ರಿ ಎಂದೇ ಬರೆಯುತ್ತೇನೆ.) ಈ ವಾಕ್ಯವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಅದೇ ನನ್ನನ್ನು ಎರಡನೆಯ ಸುತ್ತಿನಲ್ಲಿ ಕೆಡವಿತು.

ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿ, ಹುಲಿಕಲ್ ಘಾಟಿ ಇಳಿದು, ಕುಂದಾಪುರದ ಮೇಲೆ ಮಂಗಳೂರು ತಲುಪಿದಾಗ ಸಂಜೆಯಾಗಿತ್ತು. ಹಿಂದಿನ ದಿನವೇ ಹೋಗಿ ಹಾಜರಿ ಹಾಕಿಸುವುದು ಅಗತ್ಯ. ಶುಲ್ಕ ಕಟ್ಟಿದ ಮಾತ್ರಕ್ಕೆ ಮೊದಲ ಸುತ್ತಿನ ಜೋಡಿಪಟ್ಟಿಯಲ್ಲಿ ಹೆಸರು ಬರುವುದಿಲ್ಲ, ಬಂದಿದ್ದೇವೆಂದು ಖಚಿತಪಡಿಸಬೇಕು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಸುತ್ತು. ಸಭಾಂಗಣದ ತುಂಬ ಮೇಜುಗಳ ಸಾಲು, ಎಲ್ಲಿ ನೋಡಿದರೂ ಹತ್ತು ಹನ್ನೆರಡು ವರ್ಷದ ಮಕ್ಕಳು. ನನ್ನ ಬೋರ್ಡಿನ ಸಂಖ್ಯೆ ಹುಡುಕಿಕೊಂಡು ಕುರ್ಚಿಯ ಮೇಲೆ ಕೂತಿದ್ದೆ. ಸ್ವಯಂಸೇವಕರೊಬ್ಬರು ಬಂದು ಪೋಷಕರು ದಯವಿಟ್ಟು ಹೊರಗಿರಬೇಕೆಂದು ವಿನಯದಿಂದಲೇ ಹೇಳಿದರು. ನಾನು ಆಟಗಾರ್ತಿ ಎಂದೆ. ಅವರು ಪಟ್ಟಿ ನೋಡಿ ಕ್ಷಮೆ ಕೇಳಿ ಹೋದರು. ಅಷ್ಟರಲ್ಲಿ ಹತ್ತಾರು ತಲೆಗಳು ಇತ್ತ ತಿರುಗಿದ್ದವು, ನನ್ನ ಕೈ ನಡುಗತೊಡಗಿತ್ತು. ಮೂರನೆಯ ಸುತ್ತಿನಲ್ಲಿ ಬೇರೊಬ್ಬರು ಬಂದು ಅದೇ ಮಾತು ಹೇಳಿದರು. ದೊಡ್ಡವರು ಆಡಹೋದರೆ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡೇ ಒಳಗೆ ಹೋಗಿ. ಆಟ ಶುರುವಾಗುವ ಮುನ್ನ ಇಂಥ ಒಂದು ಕ್ಷಣ ಎದೆಯ ಬಡಿತ ಹೆಚ್ಚಿಸಿದರೆ ಅದು ಇಳಿಯಲು ಅರ್ಧ ಗಂಟೆ ಬೇಕು, ಗಡಿಯಾರ ಅಷ್ಟು ಹೊತ್ತು ಕಾಯುವುದಿಲ್ಲ.

ಟೂರ್ನಿ ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. ಯಾರೂ ಹೊರಬೀಳುವುದಿಲ್ಲ, ಪ್ರತಿ ಸುತ್ತಿನಲ್ಲೂ ಸಮಾನ ಅಂಕದವರನ್ನು ಜೋಡಿಸುತ್ತಾ ಹೋಗುತ್ತಾರೆ. ಆದರೆ ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲರ್ಧದವರಿಗೆ ಕೆಳಗಿನ ಅರ್ಧದವರು ಎದುರಾಗುವುದರಿಂದ, ರೇಟಿಂಗ್ ಇಲ್ಲದವರಿಗೆ ಬಲಿಷ್ಠರೇ ಸಿಗುತ್ತಾರೆ. ನನಗೆ ಸಿಕ್ಕಿದ್ದು 1688 ರೇಟಿಂಗ್‌ನ ಕಾಲೇಜು ಹುಡುಗ. ಮೂವತ್ತೆಂಟು ನಡೆಗಳಲ್ಲಿ ಸೋತೆ. ಆ ಸೋಲು ನೋಯಿಸಲಿಲ್ಲ.

ನೋಯಿಸಿದ್ದು ಮಧ್ಯಾಹ್ನದ ಸುತ್ತು. ಎದುರಿಗೆ ಸುಮಾರು ಹತ್ತು ವರ್ಷದ ಬಾಲಕ, ರೇಟಿಂಗ್ 1467. ಅವನು ಇ4 ಆಡಿದ, ನಾನು ಸಿ6. ಅವನು ಡಿ4, ನಾನು ಡಿ5. ಮೂರನೆಯ ನಡೆಯಲ್ಲಿ ಅವನು ಕಾಲಾಳನ್ನು ಇ5ಕ್ಕೆ ದೂಡಿದ. ಇದಕ್ಕೆ ಅಡ್ವಾನ್ಸ್ ಕವಲು ಎಂದು ಹೆಸರು. ನಾನು ಕಲಿತಂತೆ ಒಂಟೆಯನ್ನು ಎಫ್5ಕ್ಕೆ ತಂದೆ. ಆಗ ಅವನು ಅಂಚಿನ ಕಾಲಾಳನ್ನು ಎಚ್4ಕ್ಕೆ ಎರಡು ಮನೆ ಮುಂದಿಟ್ಟ. ಮಗುವಿನ ಚಪಲದ ನಡೆಯೆಂದು ನಾನು ಎಣಿಸಿದೆ. ಒಂಟೆ ಹೊರಗೆ ಬಂದಾಗಿದೆ, ಇನ್ನು ಇ6 ಆಡಬೇಕು ಎಂಬ ಪಾಠ ನೆನಪಿಗೆ ಬಂದು, ಒಂದು ನಿಮಿಷವೂ ಯೋಚಿಸದೆ ಇ6 ಆಡಿದೆ. ಅವನು ಜಿ4 ಆಡಿ ಒಂಟೆಯ ಮೇಲೆ ಬಂದ. ಒಂಟೆ ಇ4ಕ್ಕೆ ಹೋಯಿತು, ಅವನು ಎಫ್3 ಆಡಿದ. ಒಂಟೆ ಜಿ6ಕ್ಕೆ ಮರಳಿತು, ಅವನು ಎಚ್5 ಆಡಿದ. ಅಲ್ಲಿಗೆ ಒಂಟೆಗೆ ದಾರಿ ಮುಗಿದಿತ್ತು. ಕೊನೆಗೆ ಸಿ2ರ ಕಾಲಾಳನ್ನು ತೆಗೆದುಕೊಂಡು ಒಂಟೆ ಮಂತ್ರಿಗೆ ಸಿಕ್ಕಿತು. ಒಂದು ಕಾಲಾಳಿಗೆ ಒಂದು ಒಂಟೆ, ಅದೂ ಎಂಟೇ ನಡೆಗಳಲ್ಲಿ. ಮುಂದೆ ಇಪ್ಪತ್ತಾರನೆಯ ನಡೆಯವರೆಗೆ ಎಳೆದೆ. ಕೈಕುಲುಕಿ ಎದ್ದ ಬಾಲಕ ಹೊರಗೆ ಅಮ್ಮನ ಬಳಿಗೆ ಓಡಿದ್ದನ್ನು ನೋಡುತ್ತಾ ಸುಮ್ಮನೆ ಕೂತಿದ್ದೆ. ಮಗನಿಗೆ ಫೋನು ಮಾಡುವ ಧೈರ್ಯ ಆ ಸಂಜೆ ಬರಲಿಲ್ಲ.

ರಾತ್ರಿ ಲಾಡ್ಜಿನ ಕೋಣೆಯಲ್ಲಿ ಜೇಬಿನ ಬೋರ್ಡು ತೆರೆದು ಆ ಎಂಟು ನಡೆಗಳನ್ನು ಮತ್ತೆ ಮತ್ತೆ ಇಟ್ಟು ನೋಡಿದೆ. ಒಂಟೆ ಎಫ್5ರಲ್ಲಿರುವಾಗ ಅದು ಮನೆಗೆ ಮರಳುವ ದಾರಿ ಡಿ7ರ ಮೂಲಕ. ಇ6 ಆಡಿದ ಕೂಡಲೇ ಆ ಬಾಗಿಲು ಮುಚ್ಚಿತು. ಒಳಗೆ ಸಿಕ್ಕಿಹಾಕಿಕೊಳ್ಳಬಾರದೆಂದು ಹೊರಗೆ ತಂದ ಒಂಟೆಯನ್ನು ಹೊರಗೇ ನಿಲ್ಲಿಸಿ ಕದ ಹಾಕಿದವಳು ನಾನೇ. ಎಚ್4 ಮಗುವಿನ ಚಪಲವೂ ಆಗಿರಲಿಲ್ಲ. 1961ರ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಮಿಖಾಯಿಲ್ ತಾಲ್, ಬೋಟ್ವಿನ್ನಿಕ್ ವಿರುದ್ಧ ಇದೇ ನಡೆಯನ್ನು ಆಡಿದ್ದರು. ಬೋಟ್ವಿನ್ನಿಕ್ ಎಚ್6 ಆಡಿ, ಜಿ4 ಬಂದಾಗ ಒಂಟೆಯನ್ನು ಡಿ7ಕ್ಕೆ ಹಿಂದೆ ತಂದರು. ಬಾಗಿಲು ತೆರೆದೇ ಇತ್ತು. ಇನ್ನೊಂದು ಉತ್ತರ ಎಚ್5: ಜಿ4 ನಡೆಯನ್ನೇ ಅದು ತಡೆಯುತ್ತದೆ. ನಾನು ಓಪನಿಂಗಿನ ನಡೆಗಳನ್ನು ಕಲಿತಿದ್ದೆ, ಅವು ಯಾವ ಕ್ರಮದಲ್ಲಿ ಏಕೆ ಬರುತ್ತವೆಂಬುದನ್ನು ಕಲಿತಿರಲಿಲ್ಲ.

ಕಾರೋ-ಕಾನ್ ಹಿಡಿಯುವವರು ಇನ್ನೆರಡು ಹೊಂಡಗಳನ್ನೂ ಗುರುತು ಹಾಕಿಕೊಳ್ಳಬೇಕು. ಬಿಳಿ ಮೂರನೆಯ ನಡೆಯಲ್ಲಿ ಕುದುರೆಯನ್ನು ಸಿ3ಕ್ಕೆ ತಂದು, ಇ4ರಲ್ಲಿ ಕಾಯಿ ಬದಲಾಗಿ, ನೀವು ಕುದುರೆಯನ್ನು ಡಿ7ಕ್ಕೆ ಇಟ್ಟಾಗ, ಬಿಳಿ ಮಂತ್ರಿ ಇ2ಕ್ಕೆ ಬಂದರೆ ಎಚ್ಚರವಾಗಿರಿ. ಜಿ8ರ ಕುದುರೆಯನ್ನು ಎಫ್6ಕ್ಕೆ ತಂದರೆ ಬಿಳಿ ಕುದುರೆ ಡಿ6ಕ್ಕೆ ಹಾರಿ ಆರನೆಯ ನಡೆಯಲ್ಲೇ ಚೆಕ್‌ಮೇಟ್, ಏಕೆಂದರೆ ಇ7ರ ಕಾಲಾಳು ಮಂತ್ರಿಯ ನೇರಕ್ಕೆ ಕಟ್ಟಿಹಾಕಲ್ಪಟ್ಟಿರುತ್ತದೆ, ಅದು ಸರಿದು ಕುದುರೆಯನ್ನು ಹೊಡೆದರೆ ಹಿಂದಿನ ರಾಜ ಮಂತ್ರಿಗೆ ಸಿಗುತ್ತಾನೆ. ಇದೇ ಕವಲಿನಲ್ಲಿ ಬಿಳಿ ಕುದುರೆ ಇ4ರಿಂದ ಜಿ5ಕ್ಕೆ ಬಂದಾಗ ಅವಸರದಿಂದ ಎಚ್6 ಆಡುವುದು ಇನ್ನೊಂದು ಹೊಂಡ. 1997ರ ಮೇ 11ರಂದು ನ್ಯೂಯಾರ್ಕಿನಲ್ಲಿ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಏಳನೆಯ ನಡೆಯಾಗಿ ಎಚ್6 ಆಡಿದಾಗ, ಡೀಪ್ ಬ್ಲೂ ಕಂಪ್ಯೂಟರ್ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು. ಹತ್ತೊಂಬತ್ತು ನಡೆಗಳಲ್ಲಿ ಕ್ಯಾಸ್ಪರೋವ್ ಸೋಲೊಪ್ಪಿದರು. ಆ ರಾತ್ರಿ ಇದು ನೆನಪಾದಾಗ ಮನಸ್ಸಿಗೆ ತುಸು ಸಮಾಧಾನವೂ ಆಯಿತು.

ಗುರುವಾರದ ಎರಡು ಸುತ್ತುಗಳಲ್ಲಿ ರೇಟಿಂಗ್ ಇಲ್ಲದ ಇಬ್ಬರು ಸಿಕ್ಕರು, ಎರಡನ್ನೂ ಗೆದ್ದೆ. ನಾಲ್ಕನೆಯ ಸುತ್ತಿನಲ್ಲಿ ಒಂದು ಸಣ್ಣ ಪ್ರಸಂಗ ನಡೆಯಿತು. ನಡೆಯನ್ನು ಮೊದಲು ಸ್ಕೋರ್‌ಶೀಟಿನಲ್ಲಿ ಬರೆದು, ಒಮ್ಮೆ ನೋಡಿ, ಆಮೇಲೆ ಆಡುವುದು ನನ್ನ ಅಭ್ಯಾಸ. ಎದುರಾಳಿ ಕೈಯೆತ್ತಿ ತೀರ್ಪುಗಾರರನ್ನು ಕರೆದ. ಮೊದಲು ಆಡಬೇಕು, ಅನಂತರ ಬರೆಯಬೇಕು, ಮೊದಲೇ ಬರೆಯುವುದು ಟಿಪ್ಪಣಿ ಇಟ್ಟುಕೊಂಡಂತೆ ಎಂದು ಅವರು ತಿಳಿಸಿ, ಎಚ್ಚರಿಕೆ ಕೊಟ್ಟರು. ಮೂವತ್ತು ಸೆಕೆಂಡು ಸೇರುವ ಆಟದಲ್ಲಿ ಗಡಿಯಾರದಲ್ಲಿ ಎಷ್ಟೇ ಕಡಿಮೆ ಸಮಯ ಉಳಿದಿದ್ದರೂ ಕೊನೆಯವರೆಗೆ ಬರೆಯುತ್ತಲೇ ಇರಬೇಕು ಎಂಬುದೂ ಆಗಲೇ ತಿಳಿಯಿತು. ನಿಮ್ಮ ಸರದಿ ಇರುವಾಗ ತೀರ್ಪುಗಾರರ ಅಪ್ಪಣೆಯಿಲ್ಲದೆ ಆಟದ ಜಾಗ ಬಿಟ್ಟು ಏಳುವಂತಿಲ್ಲ. ಫೋನು ಮತ್ತು ಸ್ಮಾರ್ಟ್ ವಾಚ್‌ಗಳನ್ನು ಹೊರಗೇ ಬಿಡಬೇಕು, ಫೋನಿನ ಸದ್ದು ಬಂದರೆ ಆಟ ಹೋದಂತೆಯೇ. ನಿಯಮಗಳನ್ನು ಓದಿಕೊಂಡು ಹೋಗಿದ್ದೇನೆಂದೇ ನಾನು ತಿಳಿದಿದ್ದೆ, ಆದರೆ ಓದಿದ್ದು ಕಾಯಿಗಳ ನಿಯಮಗಳನ್ನು ಮಾತ್ರ.

ಶುಕ್ರವಾರ ಬೆಳಿಗ್ಗೆ 1543 ರೇಟಿಂಗ್‌ನವರ ಎದುರು ಸೋತೆ. ಮಧ್ಯಾಹ್ನದ ಜೋಡಿಪಟ್ಟಿಯಲ್ಲಿ ಆರನೆಯ ಸುತ್ತಿಗೆ ಕಪ್ಪು ಕಾಯಿ. ಎದುರಾಳಿ ಹೈಸ್ಕೂಲು ಓದುವ ಹುಡುಗಿ, ರೇಟಿಂಗ್ 1521. ನಾನು ಇಷ್ಟೆಲ್ಲ ಬರೆಯಲು ಕೂತದ್ದು ಈ ಒಂದು ಆಟಕ್ಕಾಗಿ.

ಇ4, ಸಿ6. ಡಿ4, ಡಿ5. ಇ5, ಒಂಟೆ ಎಫ್5. ಅವಳು ಸ್ವಲ್ಪ ಯೋಚಿಸಿ ಎಚ್4 ಆಡಿದಳು. ಎರಡು ದಿನಗಳ ಹಿಂದಿನ ಅದೇ ಬೋರ್ಡು ಕಣ್ಣೆದುರು ಬಂತು. ಉತ್ತರ ಗೊತ್ತಿದ್ದರೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಐದು ನಿಮಿಷ ಕೂತೆ, ಆಮೇಲೆ ಎಚ್5 ಆಡಿದೆ. ಅವಳು ಒಂಟೆಯನ್ನು ಡಿ3ಕ್ಕೆ ತಂದು ಎದುರು ನಿಲ್ಲಿಸಿದಳು. ನಾನು ಅದನ್ನು ಹೊಡೆದೆ, ಅವಳ ಮಂತ್ರಿ ಡಿ3ಕ್ಕೆ ಬಂತು. ಈ ವಿನಿಮಯದಿಂದ ಕಪ್ಪಿಗೆ ನಷ್ಟವಿಲ್ಲ. ನನ್ನ ಕಾಲಾಳುಗಳು ಡಿ5, ಇ6ರಂಥ ಬಿಳಿಮನೆಗಳಲ್ಲಿ ನಿಲ್ಲುವುದರಿಂದ ಬಿಳಿಮನೆಯ ಒಂಟೆ ಮುಂದೆ ನನಗೆ ಹೊರೆಯೇ ಆಗುತ್ತಿತ್ತು. ಅವಳ ಕಾಲಾಳುಗಳು ಡಿ4, ಇ5ರಂಥ ಕಪ್ಪುಮನೆಗಳಲ್ಲಿ ಇರುವುದರಿಂದ ಹೋದದ್ದು ಅವಳ ಒಳ್ಳೆಯ ಒಂಟೆ. ಮುಂದೆ ನನ್ನ ಮಂತ್ರಿ ಎ5ಕ್ಕೆ ಬಂದು ಶಹ ಕೊಟ್ಟಿತು, ಅವಳು ಒಂಟೆಯನ್ನು ಡಿ2ಕ್ಕೆ ಅಡ್ಡವಿಟ್ಟಳು, ನಾನು ಮಂತ್ರಿಯನ್ನು ಎ6ಕ್ಕೆ ತಂದು ಅವಳ ಮಂತ್ರಿಯ ಎದುರು ನಿಲ್ಲಿಸಿದೆ. ಎಂಟನೆಯ ನಡೆಯಲ್ಲಿ ಮಂತ್ರಿಗಳೆರಡೂ ಬೋರ್ಡಿನಿಂದ ಇಳಿದವು. ಹತ್ತು ವರ್ಷದವರ ಹಠಾತ್ ದಾಳಿಗಳಿಗೆ ಹೆದರಿದ್ದ ನನಗೆ ಅಲ್ಲಿ ಮೊದಲ ಸಲ ಉಸಿರು ಸರಾಗವಾಯಿತು.

ಎಚ್5 ನಡೆಗೆ ಒಂದು ಬೆಲೆಯಿದೆ, ಅದನ್ನೂ ಹೇಳಬೇಕು. ಆ ಕಾಲಾಳು ಮುಂದೆ ಹೋದ ಮೇಲೆ ಜಿ5 ಮನೆಯನ್ನು ಎಚ್6 ಆಡಿ ಕಾಯಲು ಆಗುವುದಿಲ್ಲ. ಅವಳ ಕುದುರೆ ಅಲ್ಲಿ ಬಂದು ಕೂತದ್ದು ಏಳಲೇ ಇಲ್ಲ. ನಾನು ಸಿ5 ಆಡಿ ಮಧ್ಯವನ್ನು ಒಡೆದೆ, ಆನೆಗಳಿಗೆ ದಾರಿ ಮಾಡಿದೆ, ಆದರೂ ಕುದುರೆಯ ಒತ್ತಡ ತಾಳಲಾರದೆ 31ನೇ ನಡೆಯಲ್ಲಿ ಎಫ್7ರ ಕಾಲಾಳನ್ನು ಕಳೆದುಕೊಂಡೆ. ಅಲ್ಲಿಂದ ಮುಂದಿನದು ದೀರ್ಘ ಹಿಮ್ಮೆಟ್ಟುವಿಕೆ: ಒಂದು ಕಾಲಾಳು ಕಡಿಮೆಯಿರುವಾಗ ಕಾಲಾಳುಗಳನ್ನು ಬದಲಿಸುತ್ತಾ ಹೋಗಬೇಕು ಎಂಬ ಮಾತನ್ನು ಹಿಡಿದು, ಅರುವತ್ತೆರಡನೆಯ ನಡೆಯ ಹೊತ್ತಿಗೆ ಬೋರ್ಡಿನ ಮೇಲೆ ಅವಳ ರಾಜ, ಒಂದು ಆನೆ, ಒಂದು ಕಾಲಾಳು, ಮತ್ತು ನನ್ನ ರಾಜ, ಒಂದು ಆನೆ ಮಾತ್ರ ಉಳಿದವು. ಉಳಿದ ಆ ಕಾಲಾಳು ಮೂರನೆಯ ನಡೆಯಲ್ಲಿ ಇ5ಕ್ಕೆ ಬಂದು ನಿಂತದ್ದೇ ಆಗಿತ್ತು. ಹೊರಗೆ ಕತ್ತಲಾಗುತ್ತಿತ್ತು, ನಮ್ಮ ಸುತ್ತಿನ ಮೇಜುಗಳೆಲ್ಲ ಖಾಲಿಯಾಗಿದ್ದವು. ನನ್ನ ಗಡಿಯಾರದಲ್ಲಿ ಐದು ನಿಮಿಷವೂ ಇರಲಿಲ್ಲ.

ಈ ಅಂತ್ಯವನ್ನು ಉಳಿಸುವ ವಿಧಾನವನ್ನು ಫಿಲಿಡೋರ್ ಎಂಬ ಫ್ರೆಂಚ್ ಆಟಗಾರ ಹದಿನೆಂಟನೆಯ ಶತಮಾನದಲ್ಲೇ ತೋರಿಸಿದ್ದಾನೆ. ಟೂರ್ನಿಗೆ ಹೊರಡುವ ಎಲ್ಲರೂ ಓಪನಿಂಗಿನ ಹತ್ತು ಕವಲುಗಳನ್ನು ಬಿಟ್ಟಾದರೂ ಇದೊಂದನ್ನು ಕಲಿಯಬೇಕೆಂದು ಕೈಮುಗಿದು ಕೇಳುತ್ತೇನೆ. ನನ್ನ ರಾಜ ಕಾಲಾಳಿನ ಎದುರು ಇ8ರಲ್ಲಿ, ನನ್ನ ಆನೆ ಆರನೆಯ ಸಾಲಿನಲ್ಲಿ. ಆನೆ ಆ ಸಾಲನ್ನು ಕಾಯುತ್ತಿರುವವರೆಗೆ ಡಿ5ರಲ್ಲಿದ್ದ ಅವಳ ರಾಜ ಮುಂದಡಿಯಿಡಲಾರ. ನಾನು ಮಾಡಬೇಕಾದದ್ದು ಆನೆಯನ್ನು ಎ6, ಬಿ6 ಎಂದು ಅದೇ ಸಾಲಿನಲ್ಲಿ ಅತ್ತಿತ್ತ ಆಡಿಸುವುದಷ್ಟೆ. ಕಾಲಾಳು ಇ6ಕ್ಕೆ ಬಂದ ಮರುಕ್ಷಣ ಆನೆ ಕೆಳಗಿನ ಮೊದಲ ಸಾಲಿಗೆ ಇಳಿದು ಹಿಂದಿನಿಂದ ಶಹ ಕೊಡುತ್ತಾ ಹೋಗಬೇಕು. ಇ6 ಮನೆಯಲ್ಲಿ ಈಗ ಕಾಲಾಳೇ ನಿಂತಿರುವುದರಿಂದ ರಾಜನಿಗೆ ಅಲ್ಲಿ ಮರೆಯಿಲ್ಲ.

ಅವಳ ಆನೆಯೂ ಅತ್ತಿತ್ತ ಆಡಿತು. ಬೋರ್ಡಿನ ಮೇಲೆ ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು, ಅದೇ ಸ್ಥಿತಿ ಮೂರನೆಯ ಸಲ ಬಂತೆಂದು ನನಗೆ ಖಚಿತವಿತ್ತು. ಆನೆಯನ್ನು ಎ6ಕ್ಕೆ ಇಟ್ಟು, ಗಡಿಯಾರ ನಿಲ್ಲಿಸಿ, ತೀರ್ಪುಗಾರರನ್ನು ಕರೆದು ಡ್ರಾ ಕೇಳಿದೆ. ಅವರು ಸಮಾಧಾನದಿಂದ ವಿವರಿಸಿದರು: ಮೂರನೆಯ ಸಲದ ಸ್ಥಿತಿಯನ್ನು ತರುವ ನಡೆಯನ್ನು ಸ್ಕೋರ್‌ಶೀಟಿನಲ್ಲಿ ಬರೆಯಬೇಕು, ಆಡಬಾರದು, ಬರೆದು ಕರೆಯಬೇಕು, ಕಾಯಿ ಮುಟ್ಟಿದ ಮೇಲೆ ಆ ನಡೆಗೆ ಆ ಹಕ್ಕು ಉಳಿಯುವುದಿಲ್ಲ. ಹಿಂದಿನ ದಿನ ಮೊದಲೇ ಬರೆಯಬಾರದೆಂದು ಎಚ್ಚರಿಕೆ ಪಡೆದಿದ್ದ ನನಗೆ, ಮೊದಲೇ ಬರೆಯಬೇಕಾದ ಸಂದರ್ಭವೂ ಒಂದಿದೆಯೆಂದು ತಿಳಿದದ್ದು ಹೀಗೆ. ಕೇಳಿದ್ದು ತಪ್ಪಾದರೆ ಎದುರಾಳಿಗೆ ಎರಡು ನಿಮಿಷ ಸೇರುತ್ತದೆ ಎಂಬುದನ್ನೂ ನೆನಪಿಡಿ.

ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಳು, ದಾರಿ ಬದಲಿಸಿದಳು. 71ನೇ ನಡೆಯಲ್ಲಿ ಕಾಲಾಳನ್ನು ಇ6ಕ್ಕೆ ದೂಡಿದಳು. ಡಿಂಗ್ ಲಿರೆನ್ ತಪ್ಪು ಮನೆಗೆ ಇಟ್ಟ ಆನೆ ನನ್ನ ಕಣ್ಣೆದುರು ಬಂತು. ನನ್ನ ಆನೆಯನ್ನು ಎ1ಕ್ಕೆ ಇಳಿಸಿದೆ, ಬೆರಳು ತೆಗೆಯುವ ಮುನ್ನ ಮನೆಗಳನ್ನು ಎರಡು ಸಲ ಎಣಿಸಿದೆ. ಅವಳ ರಾಜ ಡಿ6ಕ್ಕೆ ಬಂದು, ಎಚ್7ರ ಆನೆ ಎಚ್8ಕ್ಕೆ ಹೋದರೆ ಮೇಟ್ ಎಂದು ಬೆದರಿಸಿದ. ನಾನು ಡಿ1ರಿಂದ ಶಹ ಕೊಟ್ಟೆ. ರಾಜ ಇ5, ನಾನು ಇ1ರಿಂದ ಶಹ. ರಾಜ ಡಿ6, ಡಿ1ರಿಂದ ಶಹ. ರಾಜ ಇ5, ಇ1ರಿಂದ ಶಹ. 76ನೇ ನಡೆಯಲ್ಲಿ ರಾಜ ಮತ್ತೆ ಡಿ6ಕ್ಕೆ ಬಂದಾಗ ನಾನು ಕಾಯಿಯನ್ನು ಮುಟ್ಟಲಿಲ್ಲ. ಪೆನ್ನು ತೆಗೆದುಕೊಂಡು ಆನೆ ಡಿ1 ಎಂದು ಬರೆದೆ, ಗಡಿಯಾರ ನಿಲ್ಲಿಸಿದೆ, ಕೈಯೆತ್ತಿದೆ. ತೀರ್ಪುಗಾರರು ಇಬ್ಬರ ಸ್ಕೋರ್‌ಶೀಟುಗಳನ್ನೂ ಹಿಡಿದು ಪಕ್ಕದ ಬೋರ್ಡಿನಲ್ಲಿ ನಡೆಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಆ ಕೆಲವು ನಿಮಿಷಗಳು ಇಡೀ ಟೂರ್ನಿಯಲ್ಲೇ ಅತ್ಯಂತ ಉದ್ದದ ಕಾಯುವಿಕೆ. ಡ್ರಾ ಎಂದರು. ಏಳಕ್ಕೆ ಹತ್ತು ನಿಮಿಷವಿತ್ತು. ಹುಡುಗಿ ಕೈಕುಲುಕಿ, ಆಂಟಿ, ನೀವು ಇ6ಕ್ಕೆ ಹೆದರುತ್ತೀರಿ ಅಂದುಕೊಂಡಿದ್ದೆ ಎಂದಳು. ನಾನು ಹೆದರಿಯೇ ಇದ್ದೆ. ಹೊರಗೆ ಬಂದು ಮಗನಿಗೆ ಫೋನು ಮಾಡಿದೆ.

ಏಳನೆಯ ಸುತ್ತಿನಲ್ಲಿ 1496ರವರ ಎದುರು ಗೆಲುವು, ಎಂಟರಲ್ಲಿ ರೇಟಿಂಗ್ ಇಲ್ಲದವರ ಎದುರು ಸೋಲು, ಭಾನುವಾರ ಬೆಳಿಗ್ಗೆ 1589ರವರೊಂದಿಗೆ ಡ್ರಾ. ಎಂಟನೆಯದು ದಣಿವಿನ ಸೋಲು. ದಿನಕ್ಕೆರಡು ದೀರ್ಘ ಆಟ ಆಡುವವರು ಮಧ್ಯಾಹ್ನದ ಊಟವನ್ನು ಕಡಿಮೆ ಮಾಡಿ, ಅರ್ಧ ಗಂಟೆಯಾದರೂ ಕಣ್ಣು ಮುಚ್ಚಿ ಮಲಗಬೇಕು.

ರೇಟಿಂಗ್ ಲೆಕ್ಕದ ಬಗ್ಗೆ ಹಲವರು ಕೇಳಿದ್ದಾರೆ. ಮೊದಲ ರೇಟಿಂಗ್ ಬರಲು ರೇಟಿಂಗ್ ಇರುವವರೊಂದಿಗೆ ಕನಿಷ್ಠ ಐದು ಆಟ ಆಡಿರಬೇಕು, ಒಂದೇ ಟೂರ್ನಿಯಲ್ಲಿ ಆಗದಿದ್ದರೆ ಮುಂದಿನದರ ಆಟಗಳೂ ಸೇರುತ್ತವೆ. ಮೊದಲ ಟೂರ್ನಿಯಲ್ಲಿ ಸೊನ್ನೆ ಬಂದರೆ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದ್ದರಿಂದ ಆ ಭಯ ಬೇಡ. 2024ರ ಮಾರ್ಚ್‌ನಿಂದ, 1800 ರೇಟಿಂಗ್‌ನ ಇಬ್ಬರು ಕಲ್ಪಿತ ಎದುರಾಳಿಗಳೊಂದಿಗೆ ಡ್ರಾ ಮಾಡಿಕೊಂಡಂತೆ ಸೇರಿಸಿ ಲೆಕ್ಕ ಹಾಕುತ್ತಾರೆ. 1400ಕ್ಕಿಂತ ಕಡಿಮೆ ಬಂದರೆ ಪಟ್ಟಿಗೆ ಸೇರುವುದಿಲ್ಲ. ನನಗೆ ರೇಟಿಂಗ್ ಇರುವ ಆರು ಮಂದಿ ಸಿಕ್ಕು, ಅವರ ಎದುರು ಎರಡು ಅಂಕ ಬಂದಿದೆ. ಕಲ್ಪಿತ ಇಬ್ಬರನ್ನೂ ಸೇರಿಸಿದರೆ ಎದುರಾಳಿಗಳ ಸರಾಸರಿ 1613, ಅಂಕ ಎಂಟಕ್ಕೆ ಮೂರು. ನನ್ನ ಲೆಕ್ಕದಲ್ಲಿ 1520ರ ಆಸುಪಾಸಿನಲ್ಲಿ ನಿಲ್ಲಬೇಕು. ಪಟ್ಟಿ ಪ್ರತಿ ತಿಂಗಳ ಒಂದರಂದು ಬರುತ್ತದೆ, ಕಾಯುತ್ತಿದ್ದೇನೆ.

ಖರ್ಚು: ಪ್ರವೇಶ ಶುಲ್ಕ 3,000, ಗಡಿಯಾರ 2,400, ಐದು ರಾತ್ರಿಯ ಕೋಣೆ 4,500, ಬಸ್ಸು 900, ಊಟ ತಿಂಡಿ 1,850, ದಾಖಲೆ ಮತ್ತು ಫೋಟೋ 350. ಒಟ್ಟು 13,000 ರೂಪಾಯಿ ಮತ್ತು ಕೆಲಸಕ್ಕೆ ನಾಲ್ಕು ದಿನದ ರಜೆ.

ಸ್ಕೋರ್‌ಶೀಟಿನ ಮೇಲಿನ ಪ್ರತಿಯನ್ನು ಆಯೋಜಕರಿಗೆ ಕೊಡಬೇಕು, ಕಾರ್ಬನ್ ಪ್ರತಿ ನಮ್ಮದು. ಒದ್ದೆಯಾಗದಂತೆ ಪ್ಲಾಸ್ಟಿಕ್ ಹಾಳೆಯಲ್ಲಿಡಿ. ನಿನ್ನೆ ತವರಿಗೆ ಹೋದಾಗ ಆರನೆಯ ಸುತ್ತಿನ ಹಾಳೆಯನ್ನು ಅಪ್ಪನಿಗೆ ಕೊಟ್ಟೆ. ಅವರಿಗೆ ಈಗ ಕಣ್ಣು ಮಂಜು. ನಾನು ಓದುತ್ತಾ ಹೋದೆ, ಅವರು ಹಳೆಯ ಮರದ ಕಾಯಿಗಳನ್ನು ಒಂದೊಂದಾಗಿ ನಡೆಸುತ್ತಾ ಬಂದರು. ನಾಲ್ಕನೆಯ ನಡೆಗೆ ಬಂದಾಗ ನಿಲ್ಲಿಸಿ, ಎಚ್5ರ ಬದಲು ಇ6 ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ಎರಡನೆಯ ಸುತ್ತಿನ ಹಾಳೆಯನ್ನೂ ಚೀಲದಿಂದ ತೆಗೆದೆ.